ಜನಕ್ಕಲ್ಲ, ಹೊಳೆಗೆ ಹೆದರಿ

ನಂಜನಗೂಡು, ತಿ. ನರಸೀಪುರ ಸಣ್ಣ ಮಕ್ಕಳನ್ನು ಕರೆದುಕೊಂಡು ಸುತ್ತಾಡುವ ಊರುಗಳಲ್ಲ ಅನ್ನುವ ಮಾತು ಈಚೆಗೆ ಮೈಸೂರಿನ ಮನೆಗಳಲ್ಲಿ ಬಹಳ ಕೇಳಿಬರುತ್ತದೆ. ಮಕ್ಕಳಿಗೇನು, ಮೃಗಾಲಯವಿದೆ, ಕಾರಂಜಿ ಕೆರೆಯಿದೆ, ಬಿಸಿಲು ತಾಗದ ಮಾಲ್‌ಗಳಿವೆ. ಹೂವು ಹಣ್ಣು ಕಾಯಿ ಮಾರುವವರ ಕೂಗು, ಆಟೊ ಹಾರನ್ನು, ದನ, ಕೆಸರು, ನೂಕುನುಗ್ಗಲು ಇರುವ ಕಡೆಗೆ ಯಾಕೆ ಎಳೆದುಕೊಂಡು ಹೋಗಬೇಕು? ನನ್ನ ಅಕ್ಕನ ವಾದವೂ ಇದೇ. ‘ಸೋಮವಾರ ನಂಜನಗೂಡಿಗಾ? ಮಗು ಕೈತಪ್ಪಿದ್ರೆ ಏನೋ ಮಾಡ್ತೀಯಾ?’ ಎಂದು ಪ್ರತಿಸಲವೂ ಕೇಳುತ್ತಾಳೆ. ಕೇಳಿದ ಮೇಲೆ ಮೊಸರನ್ನದ ಡಬ್ಬಿಯನ್ನೂ ಕೈಗಿಡುತ್ತಾಳೆ.

ನಾನು ಪುಟ್ಟಿಯ ಸೋದರಮಾವ. ಅವಳ ಮುಡಿ ತೆಗೆಸಿದ್ದು ಕಪಿಲೆಯ ದಡದಲ್ಲಿ, ನನ್ನ ತೊಡೆಯ ಮೇಲೆ ಕೂರಿಸಿಕೊಂಡು. ಆ ಹಕ್ಕಿನಿಂದ, ರಜೆ ಸಿಕ್ಕಾಗಲೆಲ್ಲ ಅವಳನ್ನು ಈ ಎರಡು ಊರುಗಳಲ್ಲಿ ಒಂದಕ್ಕೆ ಹೊರಡಿಸುತ್ತೇನೆ. ಈಗ ಅವಳಿಗೆ ನಾಲ್ಕು ತುಂಬುತ್ತ ಬಂದಿದೆ. ಇಷ್ಟು ಓಡಾಡಿದ ಮೇಲೆ ನನಗೆ ಖಾತ್ರಿಯಾದದ್ದು ಏನೆಂದರೆ, ಅಕ್ಕನಿಗೆ ಹೆದರಿಕೆ ಇರುವುದು ಸರಿಯೇ. ಆದರೆ ಅವಳು ಜನವನ್ನು ನೋಡಿ ಹೆದರುತ್ತಾಳೆ. ಹೆದರಬೇಕಾದದ್ದು ನೀರಿಗೆ.

ಯಾಕೆಂದು ಹೇಳುತ್ತೇನೆ. ನಂಜನಗೂಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಮಕ್ಕಳನ್ನು ಹೊತ್ತೇ ಬಂದಿರುತ್ತಾರೆ. ಮುಡಿ ಕೊಡುವುದಕ್ಕೆ, ಮಗುವಿಗೆ ಹುಷಾರಾದ ಹರಕೆ ತೀರಿಸುವುದಕ್ಕೆ, ಮಗು ಆಗಲಿ ಎಂದು ಕೇಳಿಕೊಳ್ಳುವುದಕ್ಕೆ. ತಲೆಮಾರುಗಳಿಂದ ಹೀಗೆಯೇ ನಡೆದು ಬಂದಿರುವುದರಿಂದ ಊರಿಗೆ ಮಕ್ಕಳು ರೂಢಿಯಾಗಿದ್ದಾರೆ. ಮಗು ಅತ್ತರೆ ಯಾರೂ ತಿರುಗಿ ಮುಖ ಸಿಂಡರಿಸುವುದಿಲ್ಲ. ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾವುದೋ ಹಳ್ಳಿಯ ಅಜ್ಜಿ, ‘ಮಗೀಗೆ ದಾರಿ ಬುಡ್ರಪ್ಪ’ ಎಂದು ಕೂಗುತ್ತಾಳೆ, ಜಾಗವೂ ಆಗುತ್ತದೆ. ಮೈಸೂರಿನ ಮಾಲ್‌ನಲ್ಲಿ ಪುಟ್ಟಿ ನೆಲದ ಮೇಲೆ ಮಲಗಿ ಹಟ ಹಿಡಿದರೆ ಜನ ನನ್ನನ್ನು ನೋಡುವ ರೀತಿಯೇ ಬೇರೆ.

ಹೋಗುವುದು ರೈಲಿನಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಇಪ್ಪತ್ತೈದು ಕಿಲೋಮೀಟರಿನ ಹತ್ತಿರ. ಬಸ್ಸು, ಕಾರು ಎಲ್ಲವೂ ಇವೆ. ಆದರೆ ಮಗುವಿಗೆ ಊರು ಶುರುವಾಗುವುದು ಚಾಮರಾಜಪುರಂ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆಯೇ. ಐದು ತುಂಬದ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ಟೂ ಇಲ್ಲ. ಅಶೋಕಪುರಂ, ಕಡಕೊಳ, ತಾಂಡವಪುರ ಎಂದು ಸ್ಟೇಷನ್ನಿನ ಹೆಸರು ಬಾಯಿಪಾಠವಾಗಿ, ಈಗ ಅವಳೇ ಪಕ್ಕದವರಿಗೆ ‘ನೀವಿನ್ನೂ ಇಳೀಬೇಡಿ’ ಎಂದು ಹೇಳುವ ಮಟ್ಟಕ್ಕೆ ಬಂದಿದ್ದಾಳೆ. ಈ ದಾರಿ 1891ರಲ್ಲಿ ನಂಜನಗೂಡಿನವರೆಗೆ ಹಾಕಿದ್ದು. ಚಾಮರಾಜನಗರಕ್ಕೆ ಮುಂದುವರಿದದ್ದು ಆಮೇಲೆ. ಊರು ಹತ್ತಿರವಾಗಿ ರೈಲು ಕಪಿಲೆಯನ್ನು ದಾಟುವಾಗ ಕಿಟಕಿಯ ಹತ್ತಿರ ಇರಬೇಕು. ಪಕ್ಕದಲ್ಲಿ ಹಳೆಯ ಕಲ್ಲಿನ ಸೇತುವೆ ಕಾಣುತ್ತದೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಗಾಡಿ, ಜನ ಓಡಾಡುತ್ತಿದ್ದ ಅದೇ ಸೇತುವೆಯ ಮೇಲೆ ಒಂದು ಪಕ್ಕದಲ್ಲಿ ಹಳಿಯನ್ನೂ ಹಾಕಿದ್ದರು. ಎತ್ತಿನ ಗಾಡಿಯೂ ರೈಲೂ ಒಂದೇ ಸೇತುವೆಯ ಮೇಲೆ ಹೋಗುತ್ತಿದ್ದ ಕಾಲ. ಈಗ ಅದಕ್ಕೆ ನಿವೃತ್ತಿ. ಪುಟ್ಟಿಗೆ ಇದನ್ನು ಹೇಳಿದ್ದಕ್ಕೆ, ‘ಎತ್ತು ಹೆದರ್ಕೊಳ್ತಿರ್ಲಿಲ್ವಾ?’ ಎಂದಳು. ಇತಿಹಾಸದ ಪುಸ್ತಕ ಬರೆಯುವವರು ಯಾರೂ ಕೇಳದ ಪ್ರಶ್ನೆ.

ದೇವಸ್ಥಾನದ ಮುಂದೆ ನಿಂತು ದೊಡ್ಡವರೆಲ್ಲ ತಲೆಯೆತ್ತಿ ಗೋಪುರ ನೋಡುತ್ತಾರೆ. ಏಳಂತಸ್ತು, ನೂರಿಪ್ಪತ್ತು ಅಡಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ್ದು. ಮೂರಡಿ ಎತ್ತರದ ಮಗುವಿಗೆ ಇದು ಕಾಣುವುದೇ ಇಲ್ಲ. ಅವಳಿಗೆ ಕಂಡದ್ದು ಕೆಳಗಿನ ಹೊಸ್ತಿಲು, ಅದನ್ನು ದಾಟಲು ಎತ್ತಬೇಕಾದ ಕಾಲು, ಕಾಯಿ ಒಡೆದ ನೀರು ಹರಿದು ಜಾರುವ ಕಲ್ಲು. ಗೋಪುರ ತೋರಿಸಬೇಕೆಂದರೆ ತೇರುಬೀದಿಯ ಆ ತುದಿಗೆ ಹೋಗಿ ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಈ ಬೀದಿಯಲ್ಲಿ ಹೆಗಲಿಗಿಂತ ಒಳ್ಳೆಯ ವಾಹನ ಇನ್ನೊಂದಿಲ್ಲ. ಮಕ್ಕಳ ತಳ್ಳುಗಾಡಿ ತಂದವರನ್ನು ನೋಡಿದ್ದೇನೆ. ಮಗುವನ್ನು ಒಬ್ಬರು, ಗಾಡಿಯನ್ನು ಇನ್ನೊಬ್ಬರು ಹೊತ್ತುಕೊಂಡು ನಡೆಯುತ್ತಿರುತ್ತಾರೆ.

ಒಳಗೆ ಹೋದ ಮೇಲೆ ಗೊತ್ತಾಗುವುದು ಜಾಗದ ಉದ್ದ. 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳು. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಗರ್ಭಗುಡಿಯ ಸಾಲು ಹಾವಿನ ಹಾಗೆ ಸುತ್ತಿಕೊಂಡಿರುತ್ತದೆ. ಅಂಥ ದಿನ ಸಣ್ಣ ಮಗುವಿನ ಜೊತೆ ಆ ಸಾಲಿಗೆ ಸೇರಬಾರದು ಅನ್ನುವುದು ನನ್ನ ಅಭಿಪ್ರಾಯ. ದೇವರ ದರ್ಶನ ಆಗದೆ ಬಂದಿರಾ ಎಂದು ನಮ್ಮಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಮಗುವಿಗೆ ಬೇಕಾದ್ದೆಲ್ಲ ಪ್ರಾಕಾರದಲ್ಲಿದೆ. ಅರವತ್ತಮೂವರು ಪುರಾತನರ ವಿಗ್ರಹಗಳು ಸಾಲಾಗಿ ಅಲ್ಲಿವೆ. ಎಲ್ಲ ಶಿವಭಕ್ತರೇ, ಆದರೆ ಒಬ್ಬೊಬ್ಬರದು ಒಂದೊಂದು ಕಸುಬು, ಒಂದೊಂದು ಹುಚ್ಚು. ನಾನು ಅವಳಿಗೆ ಹೇಳುವುದು ಬೇಡರ ಕಣ್ಣಪ್ಪನ ಕಥೆ. ಲಿಂಗದ ಕಣ್ಣಿನಲ್ಲಿ ರಕ್ತ ಬಂತೆಂದು ತನ್ನ ಕಣ್ಣನ್ನೇ ಕಿತ್ತು ಇಟ್ಟವನು. ಇನ್ನೊಂದು ಕಣ್ಣಿನಲ್ಲೂ ರಕ್ತ ಬಂದಾಗ, ಜಾಗ ಗುರುತಿಗೆಂದು ಕಾಲಿನ ಹೆಬ್ಬೆರಳನ್ನು ಅಲ್ಲಿಟ್ಟುಕೊಂಡು ಎರಡನೆಯದನ್ನೂ ಕೀಳಲು ಹೊರಟವನು. ಇದು ಮಕ್ಕಳಿಗೆ ಹೇಳುವ ಕಥೆಯೇ ಎಂದು ಅಕ್ಕ ಬೈದಿದ್ದಾಳೆ. ಪುಟ್ಟಿಗೆ ಮಾತ್ರ ಹೆಬ್ಬೆರಳಿನ ಭಾಗ ಬಂದಾಗ ಎಲ್ಲಿಲ್ಲದ ಖುಷಿ. ಒಂಟಿ ಕಾಲಿನಲ್ಲಿ ನಿಂತು ಕಂಬಕ್ಕೆ ಬೆರಳೂರಿ ತೋರಿಸುತ್ತಾಳೆ. 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದ ಮೊದಲ ಸಿನಿಮಾ ಇದೇ ಕಥೆಯದು ಎಂದು ಹೇಳಿದರೆ ಅವಳಿಗೆ ಏನೂ ಅನ್ನಿಸುವುದಿಲ್ಲ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಮುದುಕರೊಬ್ಬರಿಗೆ ಅನ್ನಿಸಿತು. ಅವರೇ ಮುಂದಿನ ಕಥೆ ಹೇಳಿದರು.

ಕಣ್ಣಿನ ಕಥೆ ಇನ್ನೊಂದೂ ಇದೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ, ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತಂತೆ. ಅದಕ್ಕೇ ಸುಲ್ತಾನ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವೊಂದನ್ನು ಕೊಟ್ಟ ಎಂದು ಪ್ರತೀತಿ. ದೇವರು ಡಾಕ್ಟರು, ಪೇಷಂಟು ಆನೆ. ನಾಲ್ಕು ವರ್ಷದವರಿಗೆ ಇದಕ್ಕಿಂತ ಚೆನ್ನಾದ ಸ್ಥಳಪುರಾಣ ಬೇಕೆ?

ಹೊರಗೆ ಬಂದರೆ ರಥಗಳು. ದೊಡ್ಡಜಾತ್ರೆಯಲ್ಲಿ ಎಳೆಯುವುದು ಐದು ರಥ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಶ್ರೀಕಂಠೇಶ್ವರನ ಗೌತಮ ರಥವೇ ಎಲ್ಲಕ್ಕಿಂತ ದೊಡ್ಡದು. ಮಾರ್ಚ್ ಏಪ್ರಿಲ್ ಹೊತ್ತಿಗೆ ನಡೆಯುವ ಆ ದಿನ ತೇರುಬೀದಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ. ಹಣ್ಣು ಜವನ ಎಸೆಯುವವರ ಬಾಳೆಹಣ್ಣು ತಲೆಯ ಮೇಲೆ ಬೀಳುತ್ತಿರುತ್ತದೆ. ಜನಕ್ಕೆ ಹೆದರಬೇಡಿ ಎಂದು ಬರೆಯುತ್ತಿರುವ ನಾನೂ ರಥ ಚಲಿಸುವಾಗ ಮಗುವನ್ನು ಬೀದಿಯಲ್ಲಿ ನಿಲ್ಲಿಸುವುದಿಲ್ಲ. ಗುರುತಿನವರ ಮಾಳಿಗೆ ಸಿಕ್ಕರೆ ಮೇಲಿನಿಂದ ನೋಡಬೇಕು, ಇಲ್ಲದಿದ್ದರೆ ಜಾತ್ರೆಗೆ ಒಂದೆರಡು ದಿನ ಮುಂಚೆ ಹೋಗಬೇಕು. ಆಗ ರಥಕ್ಕೆ ಬಣ್ಣದ ಬಟ್ಟೆ ಕಟ್ಟುತ್ತಿರುತ್ತಾರೆ, ಹಗ್ಗ ಬಿಚ್ಚಿ ಹಾಸಿರುತ್ತಾರೆ. ಚಕ್ರವನ್ನು ಮುಟ್ಟಿ ನೋಡಬಹುದು. ಪುಟ್ಟಿ ಚಕ್ರದ ಪಕ್ಕ ನಿಂತು ತನ್ನ ಎತ್ತರ ಅಳೆದುಕೊಂಡಳು. ಬೆಂಡು ಬತ್ತಾಸು, ಪೀಪಿ, ಗಿರಗಿಟ್ಟಲೆ ಅಂಗಡಿಗಳೂ ಅಷ್ಟು ಹೊತ್ತಿಗೆ ಬಂದಿರುತ್ತವೆ. ಪೀಪಿ ಕೊಡಿಸುವ ಮುಂಚೆ ವಾಪಸು ಪ್ರಯಾಣ ಎಷ್ಟು ಹೊತ್ತಿನದು ಎಂದು ಯೋಚಿಸಿ.

ಇನ್ನು ಮಗು ಕೈತಪ್ಪುವ ವಿಷಯ. ನಾನು ಮಾಡುವುದು ಇಷ್ಟು. ಹೊರಡುವ ಮುಂಚೆ ಅವತ್ತಿನ ಬಟ್ಟೆಯಲ್ಲೇ ಮೊಬೈಲಿನಲ್ಲಿ ಒಂದು ಫೋಟೊ. ಒಳತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬರು. ಮತ್ತೆ ಅವಳಿಗೊಂದು ಪಾಠ: ಮಾಮ ಕಾಣಿಸದಿದ್ದರೆ ಹುಡುಕಿಕೊಂಡು ಓಡಬೇಡ, ಹೂವು ಮಾರುವ ಅಮ್ಮನ ಹತ್ತಿರ ಹೋಗಿ ಕೂತುಕೋ. ಹೂವಿನವರನ್ನೇ ಯಾಕೆ ಹೇಳಿದೆನೆಂದರೆ ಅವರು ಜಾಗ ಬಿಟ್ಟು ಏಳುವುದಿಲ್ಲ, ನೆಲದ ಮೇಲೆ ಕೂತಿರುವುದರಿಂದ ಮಗುವಿನ ಕಣ್ಣಿಗೆ ಮುಖ ಕಾಣುತ್ತದೆ, ಬೀದಿಯಲ್ಲಿ ಯಾರು ಯಾರ ಕಡೆಯವರು ಎಂಬುದೂ ಅವರಿಗೆ ಗೊತ್ತಿರುತ್ತದೆ. ಪೊಲೀಸರ ಹತ್ತಿರ ಹೋಗು ಎಂದು ಹೇಳುವುದು ಸುಲಭ, ಆದರೆ ಗುಂಪಿನಲ್ಲಿ ಮಗುವಿಗೆ ಕಾಣುವುದು ಬರೀ ಮೊಣಕಾಲುಗಳು. ಖಾಕಿ ಮೊಣಕಾಲು ಯಾವುದೆಂದು ಅದು ಹುಡುಕುವುದು ಹೇಗೆ? ಹೋದ ತಕ್ಷಣ ಒಬ್ಬ ಹೂವಿನಮ್ಮನ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು ಪರಿಚಯ ಮಾಡಿಸಿಬಿಡುತ್ತೇನೆ.

ಬ್ಯಾಂಕಾಕಿನಲ್ಲಿ ಕೆಲಸದಲ್ಲಿದ್ದ ನನ್ನ ಗೆಳೆಯನೊಬ್ಬ ಎರಡು ವರ್ಷದ ಮಗನ ಜೊತೆ ಆ ಊರು ಸುತ್ತಿದವನು. ಅಲ್ಲಿಯೂ ಫುಟ್‌ಪಾತಿನ ಮೇಲೆ ಒಲೆ, ಬಾಣಲೆ, ಮೋಟಾರ್ ಸೈಕಲ್ಲು. ತಳ್ಳುಗಾಡಿ ಮನೆಯಲ್ಲೇ ಉಳಿಯಿತಂತೆ. ಚಾವೊ ಫ್ರಾಯಾ ನದಿಯಲ್ಲಿ ಜನ ಆಫೀಸಿಗೆ ಹೋಗುವುದೂ ದೋಣಿಯಲ್ಲೇ, ಹಾಗಾಗಿ ಮಗನಿಗೆ ಊರೆಂದರೆ ದೋಣಿಯೇ ಆಗಿತ್ತು. ವಾಟ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಅಪ್ಪ ಅಮ್ಮ ಚಿನ್ನದ ಬಣ್ಣದ ಮುಖದ ಫೋಟೊ ತೆಗೆಯುತ್ತಿದ್ದರೆ, ಮಗ ಮುತ್ತಿನ ಚಿಪ್ಪು ಕೂರಿಸಿದ ಬುದ್ಧನ ಅಂಗಾಲುಗಳ ಮುಂದಿನಿಂದ ಕದಲಲಿಲ್ಲವಂತೆ. ಅಷ್ಟು ದೂರ ಹೋದವರಿಗೂ ಇದೇ ಅನುಭವ ಆಯಿತಲ್ಲ ಎಂದು ನನಗೆ ಸಮಾಧಾನ. ಅಲ್ಲಿ ಇರುವುದು, ಇಲ್ಲಿ ಇಲ್ಲದ್ದು ಎಂದರೆ ನೀರಿನ ಅಂಚಿನಲ್ಲಿ ಹತ್ತುವ ಇಳಿಯುವ ಕಟ್ಟೆ, ದೋಣಿಗೊಂದು ವೇಳೆ, ಸೀಟಿ ಊದುವ ಸಿಬ್ಬಂದಿ. ನಮ್ಮ ಹೊಳೆಯ ದಡದಲ್ಲಿ ಸೀಟಿ ನಾವೇ ಊದಬೇಕು.

ಹೊಳೆಯ ವಿಷಯಕ್ಕೇ ಬರುತ್ತೇನೆ. ಕಪಿಲೆ ಎಂದರೂ ಕಬಿನಿ ಎಂದರೂ ಒಂದೇ. ಇದು ಹುಟ್ಟುವುದು ಕೇರಳದ ವಯನಾಡಿನಲ್ಲಿ. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿದೆ. ನಂಜನಗೂಡಿನಲ್ಲಿ ಬಿರುಬಿಸಿಲಿದ್ದರೂ ವಯನಾಡಿನಲ್ಲಿ ಮಳೆ ಹೊಡೆದರೆ ಅಣೆಕಟ್ಟು ತುಂಬುತ್ತದೆ, ಬಾಗಿಲು ತೆಗೆಯುತ್ತಾರೆ, ಇಲ್ಲಿ ಹೊಳೆ ಏರುತ್ತದೆ. ದಡದಲ್ಲಿ ನಿಂತು ಆಕಾಶ ನೋಡಿ ಹೊಳೆಯ ಅಂದಾಜು ಮಾಡಲು ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪೇಪರಿನಲ್ಲಿ ಕಬಿನಿಯ ಹೊರಹರಿವು ನೋಡದೆ ನಾನು ಹೊರಡುವುದಿಲ್ಲ. ನಂಜನಗೂಡಿನವರಿಗೆ ಅವರದೇ ಅಳತೆಗೋಲಿದೆ: ಸ್ನಾನಘಟ್ಟದ ಹತ್ತಿರದ ಹದಿನಾರು ಕಾಲು ಮಂಟಪ. ಅದರ ಕಂಬಗಳು ಎಷ್ಟು ಮುಳುಗಿವೆ ಎಂಬುದೇ ಸುದ್ದಿ. 2018 ಮತ್ತು 2019ರಲ್ಲಿ ನೀರು ಮಲ್ಲನಮೂಲೆ ಮಠದ ಹತ್ತಿರ ಮೈಸೂರಿನ ಹೆದ್ದಾರಿಯ ಮೇಲೇ ಬಂದು ವಾಹನ ನಿಂತಿತ್ತು.

ಮಳೆಗಾಲ ಮುಗಿದ ಮೇಲೂ ಹೊಳೆ ಸಾಧುವಲ್ಲ. ಮೆಟ್ಟಿಲಿನ ಮೇಲೆ ಪಾಚಿ ಇರುತ್ತದೆ. ಕೊನೆಯ ಮೆಟ್ಟಿಲು ಎಂದುಕೊಂಡದ್ದರ ಆಚೆ ಆಳ ಎಷ್ಟಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಸ್ನಾನ ಮಾಡಿದ ಬಟ್ಟೆಯನ್ನು ಹೊಳೆಗೇ ಬಿಟ್ಟುಬಿಡುವ ಪದ್ಧತಿ ಬೇರೆ. ಆ ಸೀರೆ, ಪಂಚೆಗಳು ತಳದಲ್ಲಿ ಕೂತು ದೊಡ್ಡವರ ಕಾಲಿಗೇ ಸುತ್ತಿಕೊಳ್ಳುತ್ತವೆ. ಈ ಪದ್ಧತಿ ಎಲ್ಲಿಂದ ಬಂತೋ ನಾನು ಕಾಣೆ, ಯಾವ ದೇವರೂ ಇದನ್ನು ಕೇಳಿರಲಾರ. ಹಾಗಾಗಿ ಪುಟ್ಟಿಗೆ ಹೊಳೆಯ ಸ್ನಾನ ಎಂದರೆ ಮೇಲಿನ ಒಣ ಮೆಟ್ಟಿಲಿನಲ್ಲಿ ಕೂರಿಸಿ, ನಾನು ಚೊಂಬಿನಲ್ಲಿ ತಂದು ಹುಯ್ಯುವುದು. ಅವಳಿಗೆ ಇದರಲ್ಲಿ ಏನೂ ಕಮ್ಮಿ ಅನ್ನಿಸಿಲ್ಲ. ‘ಇನ್ನೊಂದು ಚೊಂಬು’ ಎಂದೇ ಕೂಗುತ್ತಾಳೆ. ನೀರಿನ ಹತ್ತಿರ ಮಗುವಿನ ಬೆರಳು ಹಿಡಿಯಬಾರದು, ಮಣಿಕಟ್ಟು ಹಿಡಿಯಬೇಕು. ಒದ್ದೆ ಬೆರಳು ಜಾರುತ್ತದೆ. ಜೊತೆಗೆ ನಾಲ್ಕು ಜನ ದೊಡ್ಡವರಿದ್ದರೆ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಇವತ್ತು ಹೊಳೆಯ ಹತ್ತಿರ ಮಗು ಯಾರದು ಎಂದು ಒಬ್ಬರ ಹೆಸರನ್ನು ಬಾಯಿಬಿಟ್ಟು ಹೇಳಿಯೇ ಕೆಳಗಿಳಿಯಬೇಕು.

ಊರು ಬಿಡುವ ಮುಂಚೆ ಎರಡು ಅಂಗಡಿ. ಒಂದು ನಂಜನಗೂಡಿನ ಹಲ್ಲುಪುಡಿಗೆ. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಪುಡಿ. ಬ್ರಷ್ಷಿಲ್ಲದೆ ಬೆರಳಿನಲ್ಲಿ ಹಲ್ಲುಜ್ಜಬಹುದು ಎಂಬ ಒಂದೇ ಕಾರಣಕ್ಕೆ ಪುಟ್ಟಿ ಅದರ ಭಕ್ತೆ. ಇನ್ನೊಂದು ಬಾಳೆಹಣ್ಣಿಗೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಇದೆ, ಆದರೆ ಪನಾಮ ಸೊರಗು ರೋಗಕ್ಕೆ ತೋಟಗಳು ಸಿಕ್ಕಿ ಹಣ್ಣು ಅಪರೂಪವಾಗಿದೆ. ಗುಡಿಯ ಮುಂದೆ ರಸಬಾಳೆ ಎಂದು ಕೊಟ್ಟದ್ದೆಲ್ಲ ರಸಬಾಳೆಯಲ್ಲ. ದೇವರಸನಹಳ್ಳಿ ಕಡೆಯ ಬೆಳೆಗಾರರು ಗೊತ್ತಿದ್ದರೆ ಕೇಳಿ ತರಿಸಿಕೊಳ್ಳುವುದೇ ಮೇಲು.

ತಿ. ನರಸೀಪುರವನ್ನು ಅದೇ ದಿನಕ್ಕೆ ಸೇರಿಸಬೇಡಿ. ಸೇರಿಸಬಹುದು, ಬಸ್ಸಿದೆ, ಆದರೆ ಮಧ್ಯಾಹ್ನ ಮಗು ನಿದ್ದೆ ಮಾಡುತ್ತದೆ, ಗುಡಿಗಳೂ ಬಾಗಿಲು ಹಾಕಿರುತ್ತವೆ. ಎಚ್ಚರವಾಗಿರುವವರು ನೀವೊಬ್ಬರೇ ಆಗುತ್ತೀರಿ. ಈ ಊರಿಗೆ ರೈಲಿಲ್ಲ, ಮೈಸೂರಿನಿಂದ ಸರ್ಕಾರಿ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮಮ್ಮನಿಗೆ ಬಸ್ಸು ಉಚಿತ, ಪುಟ್ಟಿಗೆ ಆರು ತುಂಬಿಲ್ಲವಾದ್ದರಿಂದ ಉಚಿತ. ಮೂವರಲ್ಲಿ ದುಡ್ಡು ಕೊಡುವ ಗಂಡಸು ನಾನೊಬ್ಬನೇ ಎಂದು ಅಮ್ಮ ಕಂಡಕ್ಟರಿಗೆ ಹೇಳಿ ನಗಿಸುತ್ತಾರೆ.

ಕಾವೇರಿಗೆ ಕಪಿಲೆ ಸೇರುವುದು ಇಲ್ಲಿ. ಮೂರನೆಯದಾಗಿ ಸ್ಫಟಿಕ ಸರೋವರ ಕಣ್ಣಿಗೆ ಕಾಣದೆ ಸೇರುತ್ತದೆ ಎಂಬುದು ನಂಬಿಕೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬಂದಿದೆ. ಆ ಮೂರು ದಿನ ಬಿಟ್ಟರೆ ನಂಜನಗೂಡಿನಷ್ಟು ಗದ್ದಲವಿಲ್ಲ, ಗದ್ದಲವಿಲ್ಲದ್ದರಿಂದಲೇ ಮೈಮರೆಯುವ ಜಾಗ. ಎರಡು ಹೊಳೆ ಕೂಡುವಲ್ಲಿ ಸುಳಿ ಇರುತ್ತದೆ. ಒಂದು ಕಡೆ ಮೊಣಕಾಲುದ್ದ ನೀರು, ನಾಲ್ಕು ಹೆಜ್ಜೆಗೆ ಗುಂಡಿ. ನಡುಹೊಳೆ ಬಸಪ್ಪನನ್ನು ದಡದಿಂದಲೇ ತೋರಿಸಿ ಕೈಮುಗಿಸುತ್ತೇನೆ. ಬಸಪ್ಪ ಈಜಿಕೊಂಡು ಹೋದನಾ ಎಂದು ಅವಳು ಕೇಳಿದ್ದಾಳೆ. ನಮ್ಮಮ್ಮ ಹೌದು ಎಂದುಬಿಟ್ಟಿದ್ದಾರೆ.

ಮಗುವಿಗೆ ಇಲ್ಲಿ ತೋರಿಸುವುದು ಸಣ್ಣ ಸಣ್ಣ ವಸ್ತುಗಳನ್ನು. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ. ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ಹಿಂದೆ ಇದೇ ಬೀಜ ಇಟ್ಟು ತೂಗುತ್ತಿದ್ದರು ಎಂದು ಅಮ್ಮ ವಿವರಿಸುತ್ತಾರೆ. ನಾನು ಸೇರಿಸುವುದು ಒಂದು ಮಾತು: ಕೆಂಪು ಮೈ, ಕಪ್ಪು ಚುಕ್ಕೆಯ ಈ ಬೀಜ ಬೇಲಿಯಲ್ಲಿ ಸಿಕ್ಕರೆ ಬಾಯಿಗೆ ಹಾಕಬಾರದು. ಅಗಿದರೆ ಕಡು ವಿಷ. ಅಗಸ್ತ್ಯೇಶ್ವರನ ಕಥೆ ಇನ್ನೂ ಸಲೀಸು. ಕಾಶಿಯಿಂದ ಲಿಂಗ ತರಲು ಅಗಸ್ತ್ಯರು ಹನುಮಂತನನ್ನು ಕಳಿಸಿದರು, ಅವನು ತಡಮಾಡಿದ, ಮುಹೂರ್ತ ಮೀರುತ್ತದೆಂದು ಅವರು ಹೊಳೆಯ ಮರಳಿನಲ್ಲೇ ಲಿಂಗ ಮಾಡಿಬಿಟ್ಟರು. ಬಂದು ನೋಡಿದ ಹನುಮಂತನಿಗೆ ಸಿಟ್ಟು. ತನ್ನನ್ನು ಬಿಟ್ಟು ಆಟ ಶುರುಮಾಡಿದರೆ ಸಿಟ್ಟು ಬರುವುದು ಯಾವ ಮಗುವಿಗೆ ಅರ್ಥವಾಗುವುದಿಲ್ಲ? ಕಥೆ ಮುಗಿದ ಮೇಲೆ ದಡದ ಒಣಮರಳಿನಲ್ಲಿ ಅರ್ಧ ಗಂಟೆ ಲಿಂಗ ಮಾಡುವ ಕೆಲಸ ನಡೆಯುತ್ತದೆ.

ಇದೇ ಊರಿನ ಹತ್ತಿರ 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಉತ್ಖನನ ಮಾಡಿದಾಗ ನವಶಿಲಾಯುಗದ ಜನ ಬಳಸಿದ ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕಿತ್ತು. ಸಾವಿರಾರು ವರ್ಷ ಹಿಂದೆ ಇಲ್ಲಿ ಇದ್ದವರು ಮಡಕೆಯಂಥ ದಿಂಬಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು ಎಂದದ್ದಕ್ಕೆ, ‘ಚುಚ್ಚಲ್ವಾ?’ ಎಂಬುದು ಪುಟ್ಟಿಯ ವಿಚಾರ.

ತಾಲ್ಲೂಕಿನಲ್ಲಿ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕಾದ್ದು ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಪೂಜೆಯಿಲ್ಲ, ಸಾಲಿಲ್ಲ, ಸುತ್ತ ಹುಲ್ಲು. ಜಗತಿಯ ಮೇಲೆ ಹತ್ತಿ ನಿಂತರೆ ಗೋಡೆಯ ಅತಿ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆಗಳು. ನಾವು ಬಗ್ಗಿ ನೋಡಬೇಕಾದ ಆನೆಗಳಿಗೆ ಮಕ್ಕಳು ಸಲೀಸಾಗಿ ಮುಖ ಕೊಟ್ಟು ನಿಲ್ಲುತ್ತಾರೆ. ಚಪ್ಪಲಿ ಬಿಟ್ಟು ಹತ್ತಬೇಕಾದ್ದರಿಂದ ಹನ್ನೊಂದು ಗಂಟೆಯ ಮೇಲೆ ಕಲ್ಲು ಸುಡುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ, ಮಗುವಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ತಲಕಾಡನ್ನು ನಾನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಆ ಮರಳಿನಲ್ಲಿ ನಡೆಯುವುದೇ ಕಷ್ಟ, ಹೊತ್ತುಕೊಂಡು ನಡೆಯುವುದು ಇನ್ನೂ ಕಷ್ಟ.

ಮುಂದಿನದು ಸುತ್ತೂರು ಜಾತ್ರೆ. ಕಪಿಲೆಯ ದಡದ ಇನ್ನೊಂದು ಊರು ಅದು. ದನಗಳ ಜಾತ್ರೆ, ಕುಸ್ತಿ, ಗಾಳಿಪಟ ಎಲ್ಲವೂ ಒಂದೇ ಕಡೆ. ಈ ಸಲ ತಾನೂ ಬರುತ್ತೇನೆ ಎಂದು ಅಕ್ಕ ಹೇಳಿದ್ದಾಳೆ, ಆದರೆ ಕಾರಿನಲ್ಲಿ, ಎಸಿ ಹಾಕಿಕೊಂಡು, ಜನ ಬರುವ ಮುಂಚೆ ಹೋಗಿ ಬಂದುಬಿಡೋಣವಂತೆ. ಪುಟ್ಟಿ ಈಗಾಗಲೇ ತಕರಾರು ತೆಗೆದಿದ್ದಾಳೆ: ಜನ ಬರದೇ ಇದ್ದರೆ ಬತ್ತಾಸು ಮಾರುವವರು ಯಾಕೆ ಬರುತ್ತಾರೆ?